ಕಾನೋದ ಗಂಟೆ, ಸಿಂಗಪುರದ ಶಾಖೆ

ಸಿಂಗಪುರದಲ್ಲಿ ನೈಜೀರಿಯಾದ ಉಮುದಿಮಾ ಊರಿನ ಸಂಘಕ್ಕೆ ಒಬ್ಬ ಅಧ್ಯಕ್ಷನಿದ್ದ, ಒಬ್ಬ ಕಾರ್ಯದರ್ಶಿಯಿದ್ದ, ಒಬ್ಬ ಖಜಾಂಚಿಯೂ ಇದ್ದ. ಮೂವರೂ ಒಂದೇ ಪ್ಯಾಂಟಿನೊಳಗಿದ್ದರು. ಆ ಪ್ಯಾಂಟು ಉಜೋಮಾ ಒಕೊರೊನದು. ತಿಂಗಳ ಮೊದಲ ಭಾನುವಾರ ಸಂಜೆ ಫರ್ನ್‌ವೇಲಿನ ತನ್ನ ಫ್ಲ್ಯಾಟಿನಲ್ಲಿ ಅವನು ಸಭೆ ಕರೆಯುತ್ತಿದ್ದ. ಅಧ್ಯಕ್ಷ ತಡವಾಗಿ ಬಂದರೆ ಕಾರ್ಯದರ್ಶಿ ದಂಡ ಹಾಕುತ್ತಿದ್ದ, ಖಜಾಂಚಿ ಮುಖ ಮೋರೆ ನೋಡದೆ ವಸೂಲಿ ಮಾಡುತ್ತಿದ್ದ. ಹೆಂಡತಿ ನ್ಕೆಚಿ ಸಂಘದ ಏಕೈಕ ಸಾಮಾನ್ಯ ಸದಸ್ಯೆ. ಆದ್ದರಿಂದ ವಿರೋಧ ಪಕ್ಷವೂ ಅವಳೇ. ಈರುಳ್ಳಿ ಹೆಚ್ಚುತ್ತಲೇ ಅವಳು ಎತ್ತುತ್ತಿದ್ದ ಪ್ರಶ್ನೆಗಳಿಗೆ ಉತ್ತರ ಕೊಡಲಾಗದೆ ಎಷ್ಟೋ ಸಭೆಗಳನ್ನು ಅಲ್ಲಿಗೇ ಬರಖಾಸ್ತು ಮಾಡಬೇಕಾಗಿ ಬಂದದ್ದುಂಟು.

ಉಜೋಮಾ ಸೆಲೆಟಾರಿನ ಒಂದು ಕಾರ್ಖಾನೆಯಲ್ಲಿ ವಿಮಾನದ ಎಂಜಿನ್ ಬಿಚ್ಚಿ ಜೋಡಿಸುವ ಎಂಜಿನಿಯರ್. ಎತ್ತರ ಎಷ್ಟೆಂದರೆ ಎಂಆರ್‌ಟಿ ರೈಲಿನಲ್ಲಿ ನಿಂತರೆ ಹಿಡಿದುಕೊಳ್ಳುವ ಬಳೆಗಳು ಅವನ ಕಿವಿಗೆ ಓಲೆಯ ಹಾಗೆ ತೂಗುತ್ತಿದ್ದವು. ನಕ್ಕರಂತೂ ಸಮುದ್ರ ದಾಟಿ ಮಲೇಷ್ಯಾದ ಜೊಹೋರಿನಲ್ಲಿ ನಾಯಿಗಳು ಬೊಗಳುತ್ತಿದ್ದವು. ಬೇರೆಯವರು ಯಂತ್ರ ತಂದು ಎಂಜಿನಿನ ಜಡ್ಡು ಹುಡುಕುವಾಗ ಇವನು ಸ್ಪ್ಯಾನರಿನಿಂದ ಒಂದು ತಟ್ಟು ತಟ್ಟಿ ಕಿವಿಯಾನಿಸಿ, ಇದಕ್ಕೆ ನೆಗಡಿಯಾಗಿದೆ ಎಂದುಬಿಡುತ್ತಿದ್ದ. ಎಂಜಿನ್ ಅಲ್ಲಿಯೇ ಸೀನುತ್ತಿತ್ತು ಎಂದು ಅವನ ಜೊತೆ ಕೆಲಸ ಮಾಡುವ ಆನಂದಕುಮಾರ ಮನೆಯಲ್ಲಿ ಹೇಳುತ್ತಿದ್ದ. ಆನಂದಕುಮಾರನ ಮಾತಿನಲ್ಲಿ ಮುಕ್ಕಾಲು ಪಾಲು ಸೇರಿಸಿದ್ದಾದರೂ ಉಳಿದ ಕಾಲು ನಿಜವೇ.

ಇಷ್ಟು ದೊಡ್ಡ ಮನುಷ್ಯ ಇಷ್ಟು ಚಿಕ್ಕ ಸಂಘವನ್ನು ಎದೆಗೆ ಅವಚಿಕೊಂಡು ಕೂತದ್ದೇಕೆ ಎನ್ನುವುದಕ್ಕೆ ಅವನ ಅಪ್ಪನ ಕಾಲಕ್ಕೆ ಹೋಗಬೇಕು.

ಉಜೋಮಾನ ಇಗ್ಬೋ ಜನ ನೈಜೀರಿಯಾದ ಮೂಡಣ ಸೀಮೆಯವರು. ಅರವತ್ತರ ದಶಕದಲ್ಲಿ ಬಯಾಫ್ರಾ ಎಂಬ ತಮ್ಮದೇ ದೇಶ ಕಟ್ಟಲು ಹೊರಟು, ಮೂರು ವರ್ಷ ಗುಂಡನ್ನೂ ಹಸಿವನ್ನೂ ತಿಂದು, ಸೋತರು. ಗೆದ್ದ ಸರ್ಕಾರ ದೊಡ್ಡ ಮನಸ್ಸು ಮಾಡಿ, ಇಲ್ಲಿ ಗೆದ್ದವರೂ ಇಲ್ಲ ಸೋತವರೂ ಇಲ್ಲ ಎಂದು ಸಾರಿತು. ಮಾತು ಬಹಳ ಚೆನ್ನಾಗಿತ್ತು. ಅದನ್ನು ನೆನೆಹಾಕಿ ಬೇಯಿಸಲು ಬರುತ್ತಿರಲಿಲ್ಲ, ಅಷ್ಟೆ. ಉಜೋಮಾನ ಅಪ್ಪ ಗೇಬ್ರಿಯೆಲ್ ಒಕೊರೊ ಯುದ್ಧಕ್ಕೆ ಮೊದಲು ಉತ್ತರದ ಕಾನೋ ಪಟ್ಟಣದಲ್ಲಿ ರೈಲ್ವೆ ಗುಮಾಸ್ತರಾಗಿದ್ದವರು. ಯುದ್ಧ ಮುಗಿದ ಮೇಲೆ ಕೆಲಸ ಕೇಳಲು ಹೋದರೆ ಅವರ ಕುರ್ಚಿಯಲ್ಲಿ ಬೇರೊಬ್ಬ ಕೂತು ಸೀಸದಕಡ್ಡಿ ಚೂಪು ಮಾಡುತ್ತಿದ್ದ. ಬ್ಯಾಂಕಿನಲ್ಲಿ ಯಾರು ಎಷ್ಟೇ ಇಟ್ಟಿದ್ದರೂ ಎಲ್ಲರ ಕೈಗೂ ಒಂದೇ ಅಳತೆಯ ಇಪ್ಪತ್ತು ಪೌಂಡು ಬಂತು. ಪೋರ್ಟ್ ಹಾರ್ಕೋರ್ಟ್ ಬಂದರಿನಲ್ಲಿ ಕಟ್ಟಿಸಿದ್ದ ಮನೆಯನ್ನಾದರೂ ನೋಡೋಣವೆಂದು ಹೋದರೆ, ಬಿಟ್ಟುಹೋದ ಆಸ್ತಿ ಎಂದು ಹೆಸರಿಟ್ಟು ಅದನ್ನು ಬೇರೆಯವರಿಗೆ ಕೊಟ್ಟಾಗಿತ್ತು. ತಾವೇ ಕಟ್ಟಿದ ಹಗ್ಗದ ಮೇಲೆ ಯಾರದೋ ಮನೆಯ ಲಂಗಗಳು ಒಣಗುತ್ತಿದ್ದವು. ಗೇಬ್ರಿಯೆಲ್ ಅವನ್ನು ನೋಡಿದರು, ಗೇಟು ಮುಚ್ಚಿದರು, ಬಸ್ಸು ಹತ್ತಿದರು.

ಆಮೇಲಿನ ಮೂವತ್ತು ವರ್ಷ ಬಂದ ಸರ್ಕಾರಗಳೆಲ್ಲ ಅದೇ ರಾಗ ಹಾಡಿದವು. ಸೈನ್ಯದಲ್ಲಿ ಮೇಲಿನ ಹುದ್ದೆಗಳು ಇವರಿಗೆ ಸಿಕ್ಕುವುದು ಅಪರೂಪ. ಕೇಂದ್ರದ ಶಾಲೆಗಳಿಗೆ ಪರೀಕ್ಷೆ ಒಂದೇ, ಆದರೆ ಪಾಸಾಗುವ ಗೆರೆ ರಾಜ್ಯಕ್ಕೊಂದು. ಉಜೋಮಾನ ರಾಜ್ಯದ ಗೆರೆ ಎಷ್ಟು ಎತ್ತರದಲ್ಲಿತ್ತೆಂದರೆ ಅದನ್ನು ಮುಟ್ಟಲು ಏಣಿಯ ಮೇಲೆ ಏಣಿ ಇಡಬೇಕಿತ್ತು. ಅವನು ಅದನ್ನೂ ಇಟ್ಟ, ಆದರೂ ಬೆರಳಷ್ಟು ಕಡಿಮೆಯಾಯಿತು. ಸರಿ, ನೆಲ ಒಳಗೆ ಬಿಡದಿದ್ದರೆ ಆಕಾಶದ ಕಡೆ ಹೋಗೋಣವೆಂದು ಸೋದರಮಾವನ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ ಕಲಿತು, ಮಲೇಷ್ಯಾದಲ್ಲಿ ವಿಮಾನ ರಿಪೇರಿ ಓದಿ, ಸೇತುವೆ ದಾಟಿ ಸಿಂಗಪುರಕ್ಕೆ ಬಂದ. ಅವನ ಊರಿನಲ್ಲಿ ಪ್ರತಿ ಮನೆಯದೂ ಇದೇ ಕಥೆ. ಭೂಪಟದ ಮೇಲೆ ಕಣ್ಣು ಮುಚ್ಚಿ ಬೆರಳಿಟ್ಟರೆ ಅಲ್ಲೊಬ್ಬ ಉಮುದಿಮಾದವನು ಟೈರು ಮಾರುತ್ತಲೋ ಆಪರೇಷನ್ ಮಾಡುತ್ತಲೋ ಸಿಕ್ಕುತ್ತಾನೆ. ಸಮುದ್ರದ ಮೇಲೆ ಬೆರಳಿಟ್ಟರೂ ಹಡಗಿನಲ್ಲಿ ಒಬ್ಬನಿರುತ್ತಾನೆ.

ಆದರೆ ಯಾರೂ ಊರು ಬಿಟ್ಟು ಹೋಗಲಿಲ್ಲ. ಊರನ್ನೇ ಜೊತೆಗೆ ಕೊಂಡೊಯ್ದರು. ಎಲ್ಲಿ ಆರು ಜನ ಸೇರಿದರೋ ಅಲ್ಲೊಂದು ಶಾಖೆ. ಸರ್ಕಾರ ಮರೆತ ಉಮುದಿಮಾಕ್ಕೆ ರಸ್ತೆ ಹಾಕಿಸಿದ್ದು ಶಾಖೆಗಳು, ಆಸ್ಪತ್ರೆಗೆ ಹೆಂಚು ಹೊದಿಸಿದ್ದು ಶಾಖೆಗಳು. ಆ ಊರಿನಲ್ಲಿ ಸಂಘವೆಂದರೆ ಕಾಲಹರಣವಲ್ಲ. ಸಂಘವೇ ಸರ್ಕಾರ.

ಗೇಬ್ರಿಯೆಲ್ ಒಕೊರೊ ಕಾನೋ ಶಾಖೆಯ ಕೊನೆಯ ಕಾರ್ಯದರ್ಶಿ. ಯುದ್ಧಕ್ಕೆ ಮೊದಲು ಉತ್ತರದಲ್ಲಿ ಎದ್ದ ಗಲಭೆಯಲ್ಲಿ ಇಗ್ಬೋ ಜನರನ್ನು ಬೀದಿಬೀದಿಯಲ್ಲಿ ಅಟ್ಟಿಸಿಕೊಂಡು ಹೋಗಿ ಕೊಂದಾಗ, ಅವರು ಪೆಟ್ಟಿಗೆ ಬಿಟ್ಟರು, ಹಾಸಿಗೆ ಬಿಟ್ಟರು, ಶಾಖೆಯ ಗಂಟೆಯನ್ನು ಮಾತ್ರ ಅಂಗಿಯೊಳಗೆ ಬಚ್ಚಿಟ್ಟುಕೊಂಡು ರೈಲು ಹತ್ತಿದರು. ಒಗೆನೆ ಎನ್ನುತ್ತಾರೆ ಅದಕ್ಕೆ. ಎರಡು ಬಾಯಿಯ ಕಬ್ಬಿಣದ ಗಂಟೆ, ಒಳಗೆ ನಾಲಗೆಯಿಲ್ಲ, ಕೋಲಿನಿಂದ ಬಡಿಯಬೇಕು. ಊರಿಗೆ ತಂದು ಬಟ್ಟೆ ಸುತ್ತಿ ಮಂಚದ ಕೆಳಗಿಟ್ಟರು. ಕಾನೋ ಶಾಖೆ ನನ್ನ ಕೈಯಲ್ಲಿ ಮುಚ್ಚಿತು, ನನ್ನ ರಕ್ತದವನೊಬ್ಬ ಹೊಸ ಶಾಖೆ ತೆರೆದ ದಿನ ಇದನ್ನು ಬಾರಿಸುತ್ತೇನೆ ಎಂದರು. ಹಿರಿಯ ಮಗ ಲಾಗೋಸಿಗೆ ಹೋದ, ಅಲ್ಲಿ ಶಾಖೆ ಮೊದಲೇ ಇತ್ತು. ಎರಡನೆಯವನು ಹ್ಯೂಸ್ಟನ್ನಿಗೆ ಹೋದ, ಅಲ್ಲಿ ಮೂರು ಶಾಖೆಗಳಿದ್ದು ಒಂದು ಇನ್ನೊಂದರ ಮೇಲೆ ಕೋರ್ಟಿಗೆ ಹೋಗಿತ್ತು. ಉಳಿದವನು ಉಜೋಮಾ. ಅಪ್ಪನಿಗೆ ಈಗ ಎಂಬತ್ತನಾಲ್ಕು. ಮಗನಿಗೆ ನಲವತ್ತೆಂಟು. ಈ ನಲವತ್ತೆಂಟರಲ್ಲಿ ಒಂದು ಸಲವೂ ಅವನು ಆ ಗಂಟೆಯ ಸದ್ದು ಕೇಳಿರಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಕೌಲಾಲಂಪುರ ಶಾಖೆಯ ಅಧ್ಯಕ್ಷ ಡೇಮಿಯನ್ ಫೋನು ಮಾಡಿದ. ಮಲೇಷ್ಯಾದಲ್ಲಿ ಉಜೋಮಾನ ಜೊತೆ ಓದಿ, ಅವನ ಹಾಸ್ಟೆಲಿನ ಅನ್ನ ತಿಂದು, ಇಂದಿಗೂ ಅದು ಬೆಂದಿರಲಿಲ್ಲ ಎಂದು ದೂರುವ ಆಸಾಮಿ. ಮಾನ್ಯತೆಯಿಲ್ಲದ ಶಾಖೆಗಳನ್ನೆಲ್ಲ ಡಿಸೆಂಬರಿನ ಮಹಾಸಭೆಯಲ್ಲಿ ಪಕ್ಕದ ಶಾಖೆಗೆ ಸೇರಿಸಲಿದ್ದಾರೆಂದೂ, ಸಿಂಗಪುರವನ್ನು ಕೌಲಾಲಂಪುರದ ಒಂದು ವಾರ್ಡಾಗಿ ತಾನು ಸಂತೋಷದಿಂದ ಬರಮಾಡಿಕೊಳ್ಳುವೆನೆಂದೂ ಹೇಳಿದ. ವಾರ್ಡು ಎಂಬ ಮಾತು ಕೇಳಿ ಉಜೋಮಾ ಫೋನು ಹಿಡಿದುಕೊಂಡೇ ಎದ್ದು ನಿಂತ. ತಲೆ ಫ್ಯಾನಿಗೆ ತಾಗಿತು, ಫ್ಯಾನು ನಿಂತುಹೋಯಿತು.

ಮಾನ್ಯತೆಗೆ ಆರು ಜನ ಬೇಕು. ಇರುವವರು ಇಬ್ಬರು.

ಈ ಸಂಕಟವನ್ನು ಅವನು ಮರುದಿನ ಆನಂದಕುಮಾರನ ಮುಂದೆ ಹೇಳಿಕೊಂಡ. ಆನಂದಕುಮಾರ ಅದನ್ನು ಮನೆಯ ಊಟದ ಟೇಬಲ್ಲಿಗೆ ತಂದ. ಆ ಟೇಬಲ್ಲಿನ ತುದಿಯಲ್ಲಿ ಅವನ ಅಪ್ಪ ಸಂಗನಬಸಪ್ಪ ಕೂತಿದ್ದರು. ಗುಳೇದಗುಡ್ಡದ ನೇಕಾರರ ಸೊಸೈಟಿಯಲ್ಲಿ ಜೀವಮಾನವೆಲ್ಲ ಸೆಕ್ರೆಟರಿಯಾಗಿದ್ದು, ನಿವೃತ್ತರಾಗಿ, ಮಗನ ಹತ್ತಿರ ಬಂದು ನೆಲೆಸಿದ ಮೇಲೆ ಕರೆಯಲು ಒಂದು ಸಭೆಯೂ ಇಲ್ಲದೆ ಸೊರಗಿಹೋಗಿದ್ದ ಹಿರಿಯರು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು, ಫ್ಲ್ಯಾಟುಗಳ ಕೆಳಗೆ ಗೋಡೆಯಿಲ್ಲದೆ ಬಿಟ್ಟ ವಾಯ್ಡ್ ಡೆಕ್ಕಿನಲ್ಲಿ ಕೂತು, ಚೆಸ್ ಆಡುವ ಚೀನೀ ಮುದುಕರ ನಡುವೆ ಏನಾದರೂ ತಕರಾರು ಬಂದೀತೇ ಎಂದು ಕಾಯುತ್ತಿದ್ದರು. ಕೋರಂ ಇಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ಅವರ ರೊಟ್ಟಿ ಗಾಳಿಯಲ್ಲೇ ನಿಂತಿತು.

“ಎಷ್ಟ ಮಂದಿ ಕಡಿಮಿ?”

“ನಾಲ್ಕು, ಅಪ್ಪಾಜಿ.”

ಸಂಗನಬಸಪ್ಪ ಟೇಬಲ್ಲಿನ ಸುತ್ತ ಕಣ್ಣಾಡಿಸಿದರು. ತಾವು, ಹೆಂಡತಿ ಗಿರಿಜಾಬಾಯಿ, ಮಗ, ಸೊಸೆ ಸುಮಂಗಲಾ. ನಿಧಾನಕ್ಕೆ ರೊಟ್ಟಿ ಇಳಿಯಿತು. “ಕರಿ ಅವನ್ನ,” ಎಂದರು.

ಉಜೋಮಾ ಬಂದ, ಕೇಳಿದ, ಮೊದಲು ಬೇಡವೆಂದ. ಊರವರಲ್ಲದವರನ್ನು ಊರವರೆಂದು ತೋರಿಸಿ ಅಪ್ಪನ ಗಂಟೆ ಬಿಚ್ಚಿಸುವ ಮಗ ತಾನಲ್ಲ ಎಂದ. ಸಂಗನಬಸಪ್ಪನವರಿಗೆ ಮಗ ಅದನ್ನು ಕನ್ನಡದಲ್ಲಿ ಹೇಳಿದಾಗ ಅವರ ಮುಖ ಅರಳಿತು. ಸುಳ್ಳು ಯಾಕೆ ಹೇಳಬೇಕು, ನಾವು ಇಂಥವರು, ಇಂಥ ಊರಿನವರು, ಸೇರಿಸಿಕೊಳ್ಳಿ ಎಂದು ಬಾಯಿ ಬಿಟ್ಟು ಕೇಳುವುದು, ಒಪ್ಪಿದರೆ ಒಪ್ಪಿದರು ಎಂದರು. ಅಂದು ರಾತ್ರಿಯ ಊಟ ಮುಗಿಯುವುದರೊಳಗೆ ಉಜೋಮಾ ಕಾನೋದ ಕಥೆ, ಹಗ್ಗದ ಮೇಲಿನ ಲಂಗಗಳ ಕಥೆ, ಮಂಚದ ಕೆಳಗಿನ ಗಂಟೆಯ ಕಥೆ ಎಲ್ಲ ಹೇಳಿದ್ದ. ಗಿರಿಜಾಬಾಯಿ ಅವನ ತಟ್ಟೆಗೆ ಶೇಂಗಾ ಚಟ್ನಿ ಬಡಿಸುತ್ತಲೇ ಇದ್ದರು. ಅವನು ಬೇಡವೆನ್ನುವುದನ್ನು ಮರೆತಿದ್ದ. ಕೊನೆಗೆ ತಟ್ಟೆಯ ಚಟ್ನಿ ಗುಡ್ಡದಾಚೆ ಕೂತ ಆನಂದಕುಮಾರ ಕಾಣದಾದ.

ಆಮೇಲೆ ತಾಲೀಮು. ಇಗ್ಬೋ ಸಭೆಯಲ್ಲಿ ಮಾತಾಡುವವನು ಎದ್ದು ನಿಂತು ‘ಉಮುದಿಮಾ ಕ್ವೆನು’ ಎಂದು ಕೂಗಿದರೆ ಕೂತವರೆಲ್ಲ ‘ಯಾ’ ಎನ್ನಬೇಕು. ಆನಂದಕುಮಾರನ ‘ಯಾ’ ಆಫೀಸಿನ ಮೀಟಿಂಗಿನದಾಗಿತ್ತು. ಸುಮಂಗಲಾಳ ‘ಯಾ’ ಪಕ್ಕದ ಫ್ಲ್ಯಾಟಿನವರು ಏನೆಂದುಕೊಳ್ಳುವರೋ ಎಂದು ಅರ್ಧಕ್ಕೇ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಗಿರಿಜಾಬಾಯಿ ಮಾತ್ರ, ಹರ ಹರ ಎಂದವರಿಗೆ ಮಹಾದೇವ ಎಂದು ಓಗೊಟ್ಟು ಪಳಗಿದ ಗಂಟಲಿನಿಂದ ಒಂದೇ ಒಂದು ‘ಯಾ’ ಹಾಕಿದರು. ಕಿಟಕಿಯ ಮೈನಾ ಹಕ್ಕಿಗಳು ಎದ್ದವು, ಇಂಡೋನೇಷ್ಯಾ ತಲುಪುವವರೆಗೆ ಕೂರಲಿಲ್ಲ. ನ್ಕೆಚಿ ಆ ಗಳಿಗೆಯಲ್ಲೇ ಅವರನ್ನು ತಾಯಿ ಎಂದು ಕರೆದಳು.

ಡಿಸೆಂಬರ್ ಇಪ್ಪತ್ತಾರು. ಅಲ್ಲಿ ಬೆಳಿಗ್ಗೆ ಹತ್ತಾದರೆ ಇಲ್ಲಿ ಸಂಜೆ ಐದು. ಉಜೋಮಾ ವಾಯ್ಡ್ ಡೆಕ್ಕಿನ ಒಂದು ಮೂಲೆ ಬುಕ್ ಮಾಡಿ, ಮೇಜು ಹಾಕಿ, ಆರು ಕುರ್ಚಿ ಇಟ್ಟ. ಸಿಂಹದ ತಲೆಗಳ ಚಿತ್ರವಿದ್ದ ತಮ್ಮ ಜನರ ಅಂಗಿ ತೊಟ್ಟಿದ್ದ. ಅದು ಸಿಂಗಪುರ ಸರ್ಕಾರ ಕೊಟ್ಟ ಗೌರವದ ಅಂಗಿ ಎಂದುಕೊಂಡ ಸಂಗನಬಸಪ್ಪ ಎರಡು ಸಲ ಮುಟ್ಟಿ ನೋಡಿದರು. ತಾವು ಮಾತ್ರ ಧೋತರ, ಕೋಟು, ರುಮಾಲು ಸುತ್ತಿ, ಮದುವೆಗೆ ಹೆಣ್ಣು ಕೊಡಲು ಬಂದ ಹಿರಿಯರ ಹಾಗೆ ಕೂತಿದ್ದರು. ಮೇಜಿನ ಮೇಲೆ ಮರದ ತಟ್ಟೆ, ಅದರಲ್ಲಿ ಕೋಲಾ ಕಾಯಿ. ಬಾಟಲಿಯ ಕೋಲಾ ಅಲ್ಲ. ಹೆಬ್ಬೆರಳಿನಷ್ಟು ದಪ್ಪದ ಕಹಿ ಬೀಜ, ನಮ್ಮಲ್ಲಿ ಎಲೆ ಅಡಿಕೆಗೆ ಇರುವ ಮರ್ಯಾದೆ ಅವರಲ್ಲಿ ಅದಕ್ಕೆ. ಅದನ್ನು ಹಿಡಿದು ಪ್ರಾರ್ಥಿಸಿ, ಮುರಿದು ಹಂಚುವ ತನಕ ಯಾವ ಸಭೆಯೂ ಸಭೆಯಲ್ಲ.

ದೊಡ್ಡ ಪರದೆಯಲ್ಲಿ ಉಮುದಿಮಾದ ಸಭಾಂಗಣ ಕಂಡಿತು. ತುಂಬಿ ತುಳುಕುವ ಜನ, ಬಣ್ಣ ಬಣ್ಣದ ತಲೆವಸ್ತ್ರ, ನಡುವೆ ನಿವೃತ್ತ ಹೆಡ್‌ಮಾಸ್ತರರಾದ ಸಂಘದ ಅಧ್ಯಕ್ಷರು, ಅವರ ಪಕ್ಕದಲ್ಲಿ ಕೋಲೂರಿಕೊಂಡು ಗೇಬ್ರಿಯೆಲ್ ಒಕೊರೊ. ಅವರ ತೊಡೆಯ ಮೇಲೆ ಬಟ್ಟೆ ಸುತ್ತಿದ ಗಂಟು. ಅಪ್ಪ ಅದನ್ನು ತಂದೇಬಿಟ್ಟಿದ್ದಾರೆ ಎಂದು ಕಂಡಾಗ ಉಜೋಮಾ ಆರು ಕುರ್ಚಿಗಳನ್ನು ಇನ್ನೊಮ್ಮೆ ಎಣಿಸಿದ. ಇವತ್ತು ಆಗದಿದ್ದರೆ ಆ ಗಂಟು ಹಾಗೇ ಮಂಚದ ಕೆಳಗೆ ಹೋಗುತ್ತದೆ. ಅಪ್ಪ ಮುಂದಿನ ಡಿಸೆಂಬರ್ ನೋಡುತ್ತಾರೋ ಇಲ್ಲವೋ, ಯಾರು ಬಲ್ಲರು.

ಸಿಂಗಪುರದ ಸರದಿ ಬಂತು. ಉಜೋಮಾ ಎದ್ದು ‘ಉಮುದಿಮಾ ಕ್ವೆನು’ ಎಂದ. ಗಿರಿಜಾಬಾಯಿಯ ‘ಯಾ’ಗೆ ಪರದೆಯೇ ಒಮ್ಮೆ ಅದುರಿತು, ಆ ಕಡೆ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರು ಎದ್ದು ಕೂತರು. ಅವನು ಏನನ್ನೂ ಮುಚ್ಚಿಡಲಿಲ್ಲ. ಈ ನಾಲ್ವರು ನಮ್ಮ ಊರಿನಲ್ಲಿ ಹುಟ್ಟಿದವರಲ್ಲ, ಕರ್ನಾಟಕ ಎಂಬಲ್ಲಿಯವರು, ನಮ್ಮ ಜೊತೆ ಉಣ್ಣುತ್ತಾರೆ, ಶಾಖೆಗೆ ಸೇರಲು ತಾವಾಗಿ ಮುಂದೆ ಬಂದಿದ್ದಾರೆ ಎಂದ. ಸಭೆಯಲ್ಲಿ ಗುಜುಗುಜು ಎದ್ದಿತು. ಪರದೆಯ ಒಂದು ಚೌಕದಲ್ಲಿ ಡೇಮಿಯನ್ ಕೈ ಎತ್ತಿದ.

ಅವನ ಮಾತು ಸಕ್ಕರೆಪಾಕದಲ್ಲಿ ಅದ್ದಿದ್ದಾಗಿತ್ತು. ತನಗೇನೂ ಅಭ್ಯಂತರವಿಲ್ಲ, ಸದಸ್ಯರೆಂದರೆ ಸದಸ್ಯರೇ ಎಂದ. ಆದರೆ ಕೋಲಾ ಹಿಡಿದು ಪ್ರಾರ್ಥಿಸಬೇಕಾದವನು ಶಾಖೆಯ ಅತಿ ಹಿರಿಯ ಗಂಡಸಲ್ಲವೇ ಎಂದು ಕೇಳಿದ. ಅಲ್ಲಿಯ ಹಿರಿಯರು ಯಾರು, ರುಮಾಲಿನವರು ತಾನೆ? ಅವರು ಸದಸ್ಯರಾಗಿದ್ದರೆ ಪ್ರಾರ್ಥನೆ ಅವರೇ ಮಾಡಲಿ. ಅವರು ಮಾಡಲಾರರು ಎಂದರೆ ಅವರು ಸದಸ್ಯರಲ್ಲ, ಆರು ಜನರೂ ಇಲ್ಲ. “ಮತ್ತೆ ನೆನಪಿರಲಿ ತಮ್ಮಾ, ಕೋಲಾಕ್ಕೆ ಇಂಗ್ಲಿಷ್ ಕೇಳಿಸುವುದಿಲ್ಲ.”

ಉಜೋಮಾನಿಗೆ ಸೆಲೆಟಾರಿನ ಅಷ್ಟೂ ಎಂಜಿನುಗಳು ಒಟ್ಟಿಗೆ ಎದೆಯಲ್ಲಿ ಶುರುವಾದವು. ಹನ್ನೊಂದು ವರ್ಷ ಒಬ್ಬನೇ ಗಂಡಸಾಗಿ ಕೋಲಾ ಮುರಿದೂ ಮುರಿದೂ, ಹಿರಿಯ ಎಂದರೆ ತಾನೇ ಎಂಬುದು ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ನಾಲ್ವರನ್ನು ಸೇರಿಸಿಕೊಂಡ, ‘ಯಾ’ ಕಲಿಸಿದ, ಕುರ್ಚಿ ಎಣಿಸಿದ. ಅವರಲ್ಲಿ ಒಬ್ಬರು ತನಗಿಂತ ಹಿರಿಯರೆಂಬುದು ಹೊಳೆಯಲೇ ಇಲ್ಲ. ಹಿರಿಯ ಎದುರಿಗಿರುವಾಗ ಕಿರಿಯ ಕೋಲಾ ಎತ್ತಿದರೆ ಅವರಲ್ಲಿ ಅದಕ್ಕಿಂತ ದೊಡ್ಡ ಅಪಮಾನವಿಲ್ಲ. ಇಂಗ್ಲಿಷಿನಲ್ಲಿ ಪ್ರಾರ್ಥಿಸಿದರೆ ಕೋಲಾ ಕೆಟ್ಟಿತು. ಇಗ್ಬೋದಲ್ಲಿ ಪ್ರಾರ್ಥಿಸಲು ಸಂಗನಬಸಪ್ಪನವರಿಗೆ ಬರುವುದು ‘ಯಾ’ ಒಂದೇ. ಅವನು ಅಪ್ಪನ ಕಡೆ ನೋಡಿದ. ಅಪ್ಪ ತೊಡೆಯ ಮೇಲಿನ ಗಂಟಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

“ಏನಂತಾನ ಆ ಚೌಕದಾಗಿನಾಂವ?” ಎಂದು ಸಂಗನಬಸಪ್ಪ ಮಗನನ್ನು ಕೇಳಿದರು.

ಆನಂದಕುಮಾರ ತಗ್ಗಿದ ದನಿಯಲ್ಲಿ ವಿವರಿಸಿದ. ಮುದುಕರು ಪೂರ್ತಿ ಕೇಳಿಸಿಕೊಂಡರು. ಇಂಗ್ಲಿಷ್ ಬ್ಯಾಡ ಅಂತಾರೇನು, ಎಂದು ಒಮ್ಮೆ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ಚಪ್ಪಲಿ ಕಳಚಿ, ಎದ್ದು ನಿಂತು, ಎರಡೂ ಕೈ ಚಾಚಿದರು. ಉಜೋಮಾ ತಟ್ಟೆಯನ್ನು ಎತ್ತಿ, ಅಷ್ಟೆತ್ತರದ ಮೈಯನ್ನು ಅರ್ಧಕ್ಕೆ ಮಡಿಸಿ ಬಾಗಿ, ಅವರ ಕೈಗಿಟ್ಟ.

“ಶಿವನೇ,” ಎಂದರು ಸಂಗನಬಸಪ್ಪ, ಗುಳೇದಗುಡ್ಡದ ಸೊಸೈಟಿಯ ಹಿಂದಿನ ಸಾಲಿಗೂ ಕೇಳುವಂಥ ದನಿಯಲ್ಲಿ. “ಇದು ಯಾವ ಗಿಡದ ಕಾಯಿ ನನಗ ಗೊತ್ತಿಲ್ಲ. ತಂದಾಂವ ಗೊತ್ತದಾನ. ದೂರದಿಂದ ಬಂದಾನ, ತಲಿ ಎತ್ತಿ ದುಡದಾನ. ಇವನ ಊರಾಗ ಕುಂತವರು ತಣ್ಣಗಿರಲಿ. ಊರ ಬಿಟ್ಟವರಿಗೆ ತಿರುಗಿ ಹೋಗೂ ದಾರಿ ಮರೀದಿರಲಿ. ಒಬ್ಬರ ಮನಿ ಇನ್ನೊಬ್ಬರು ಕಸಗೊಳ್ಳದಿರಲಿ. ಇವರಪ್ಪ ತನ್ನ ಗಂಟಿ ತನ್ನ ಕಿವೀಲೆ ಕೇಳಲಿ. ಇಷ್ಟ. ತಪ್ಪಿದ್ದರ ತಿದ್ದಿಕೋ.”

ಆನಂದಕುಮಾರ ಸಾಲು ಸಾಲಾಗಿ ಉಜೋಮಾನಿಗೆ ಹೇಳಿದ. ಉಜೋಮಾ ಅದನ್ನು ಇಗ್ಬೋಗೆ ತಿರುಗಿಸಿ ಊರಿಗೆ ಹೇಳಿದ. ಮನೆ ಕಸಿಯುವ ಸಾಲನ್ನು ಎರಡು ಸಲ ಹೇಳಿದ.

ಡೇಮಿಯನ್ ಮತ್ತೆ ಕೈ ಎತ್ತಿದ. ಅಷ್ಟರಲ್ಲಿ ಗೇಬ್ರಿಯೆಲ್ ಒಕೊರೊ ಕೋಲನ್ನು ನೆಲಕ್ಕೆ ಬಡಿದು ಎದ್ದರು.

“ಆ ಹಿರಿಯರು ಆಡಿದ್ದು ಇಂಗ್ಲಿಷೇನು?” ಎಂದು ಸಭೆಯನ್ನು ಕೇಳಿದರು.

ಅಲ್ಲ ಎಂದಿತು ಸಭೆ.

“ಕಾನೋದಲ್ಲಿ ನನ್ನನ್ನು ಕೊಲ್ಲಲು ಬಂದಾಗ ಶೇಂಗಾ ಚೀಲಗಳ ಹಿಂದೆ ಬಚ್ಚಿಟ್ಟವನು ಮಾಲಂ ಗಾರ್ಬಾ. ನಮ್ಮ ಊರಿನವನಲ್ಲ, ನಮ್ಮ ದೇವರವನಲ್ಲ, ಕೊಲ್ಲಲು ಬಂದವರ ಜನದವನು. ರೈಲು ಹತ್ತಿಸುವ ಮೊದಲು ಒಂದು ಕೋಲಾ ಮುರಿದು, ತನ್ನ ಹೌಸಾ ಭಾಷೆಯಲ್ಲಿ ಪ್ರಾರ್ಥಿಸಿ, ಅರ್ಧ ನನಗೆ ಕೊಟ್ಟ. ಆ ಕೋಲಾ ಕೇಳಿಸಿಕೊಂಡಿತು. ಕೇಳಿಸಿಕೊಳ್ಳದಿದ್ದರೆ ನಾನಿಲ್ಲ, ಸಿಂಗಪುರದವನಿಲ್ಲ, ಈ ತಕರಾರೂ ಇಲ್ಲ. ಗಾರ್ಬಾನನ್ನು ಊರವನೆಂದು ಎಣಿಸಲು ನನಗೆ ಅವಕಾಶ ಸಿಗಲಿಲ್ಲ. ಇವರನ್ನು ಎಣಿಸಿ.”

ಹೆಡ್‌ಮಾಸ್ತರರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು, ಪಕ್ಕದವರು ತಲೆಯಾಡಿಸಿದರು. ಒಪ್ಪುವವರು ಹೇಳಿ ಎಂದಾಗ ಎದ್ದ ‘ಯಾ’ ಎಷ್ಟು ದೊಡ್ಡದಾಗಿತ್ತೆಂದರೆ, ಫೋನಿಲ್ಲದಿದ್ದರೂ ಸಿಂಗಪುರಕ್ಕೆ ಕೇಳುತ್ತಿತ್ತು, ಸ್ವಲ್ಪ ತಡವಾಗಿ. ಕೊನೆಗೆ ಡೇಮಿಯನ್ ಕೂಡ, ಮಲೇಷ್ಯಾ ಅನುಮೋದಿಸುತ್ತದೆ, ಅನ್ನ ಮಾತ್ರ ಬೆಂದಿರಲಿಲ್ಲ ಎಂದ.

ಗೇಬ್ರಿಯೆಲ್ ಗಂಟು ಬಿಚ್ಚಿದರು. ಬಟ್ಟೆಯ ಮೇಲೆ ಬಟ್ಟೆ, ಅದರ ಮೇಲೆ ಬಟ್ಟೆ. ಕೊನೆಗೆ ಕಪ್ಪಗಿನ ಎರಡು ಬಾಯಿಯ ಗಂಟೆ. ತುಕ್ಕು ಒಂದು ಚೂರಿರಲಿಲ್ಲ. ಬಾರಿಸದೆಯೇ ವರ್ಷ ವರ್ಷವೂ ಎಣ್ಣೆ ಹಚ್ಚಿ ಒರೆಸುತ್ತ ಬಂದಿದ್ದರು. ಕೋಲು ಎತ್ತಿ ಬಡಿದರು. ಮೊದಲು ತಗ್ಗಿನ ದನಿ, ಆಮೇಲೆ ಏರಿದ ದನಿ. ಎಂಜಿನಿನ ಸದ್ದು ಕೇಳಿ ಅದರ ಹುಟ್ಟು ಸಾವು ಹೇಳುವ ಉಜೋಮಾ, ಕಣ್ಣು ಮುಚ್ಚಿ ಕಿವಿಯಾನಿಸಿ ನಿಂತ. ಆ ಗಂಟೆಯಲ್ಲಿ ಅವನಿಗೆ ಒಂದು ಜಡ್ಡೂ ಕೇಳಲಿಲ್ಲ.

ಎರಡನೆಯ ಮಹಡಿಯ ಆಂಟಿಯೊಬ್ಬಳು ಬಗ್ಗಿ, ಇನ್ನೂ ಎಷ್ಟು ಹೊತ್ತು ಲಾ, ಎಂದು ಸಿಂಗಪುರದ ಧಾಟಿಯಲ್ಲಿ ಕೇಳಿದಳು. ಸಂಗನಬಸಪ್ಪ ಅವಳಿಗೂ ಒಂದು ಚೂರು ಕೋಲಾ ಕಳಿಸಿಕೊಟ್ಟರು. ಅದರ ಕಹಿಗೆ ಆಕೆ ಅಂದು ಮತ್ತೆ ಬಾಯಿ ತೆರೆಯಲಿಲ್ಲ.

ಜನವರಿಯ ಮೊದಲ ಭಾನುವಾರದ ಸಭೆಯಲ್ಲಿ ಚುನಾವಣೆ ನಡೆದು ಸಂಗನಬಸಪ್ಪ ಕಾರ್ಯದರ್ಶಿಯಾದರು, ಗಿರಿಜಾಬಾಯಿ ಖಜಾಂಚಿಯಾದರು. ನ್ಕೆಚಿ ವಿರೋಧ ಪಕ್ಷವನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಪ್ಯಾಂಟಿನೊಳಗೆ ಈಗ ಉಳಿದದ್ದು ಅಧ್ಯಕ್ಷ ಒಬ್ಬನೇ. ಫೆಬ್ರವರಿಯಲ್ಲಿ ಅವನು ಸೆಲೆಟಾರಿನಿಂದ ಬಸ್ಸು ತಪ್ಪಿ ಸಭೆಗೆ ತಡವಾಗಿ ಬಂದ. ಕಾರ್ಯದರ್ಶಿಗಳು ಕನ್ನಡಕದ ಮೇಲಿನಿಂದ ನೋಡಿ ದಂಡ ಹಾಕಿದರು. ಖಜಾಂಚಿ ಮುಖ ಮೋರೆ ನೋಡದೆ ಕೈಯೊಡ್ಡಿದರು. ದಂಡಕ್ಕೇ ಹೆಸರಾದ ಸಿಂಗಪುರದಲ್ಲಿ, ದ್ವೀಪ ಸಮುದ್ರದಿಂದ ಮೇಲೆದ್ದ ದಿನದಿಂದ ಈವರೆಗೆ, ಅಷ್ಟು ಹೆಮ್ಮೆಯಿಂದ ದಂಡ ಕಟ್ಟಿದ ಮನುಷ್ಯ ಇನ್ನೊಬ್ಬನಿಲ್ಲ.